ಈ ಸಾಲು ಯಾವ ಥ್ರೆಡ್‌ನಲ್ಲಿ ಓಡುತ್ತಿದೆ? ಡೆಸ್ಕ್‌ಟಾಪ್ ಆ್ಯಪ್ ಹ್ಯಾಂಗ್ ಆಗದಂತೆ ಬರೆಯುವ ಬಗೆ

ಬಟನ್ ಒತ್ತಿದ ಮೇಲೆ ವಿಂಡೋ ಬಿಳುಚಿಕೊಂಡು ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದಲ್ಲ, ಆ ಹೊತ್ತಿನಲ್ಲಿ ಪ್ರೋಗ್ರಾಂ ಸತ್ತಿರುವುದಿಲ್ಲ. ಬಹಳ ಸಲ ಮೈಮುರಿದು ದುಡಿಯುತ್ತಲೇ ಇರುತ್ತದೆ, ಆದರೆ ದುಡಿಯಬಾರದ ಥ್ರೆಡ್‌ನಲ್ಲಿ (ಥ್ರೆಡ್ ಎಂದರೆ ಕೋಡಿನ ಸಾಲುಗಳು ಒಂದಾದ ಮೇಲೊಂದು ಓಡುವ ಒಂದು ಹಾದಿ). ಸುಮಾರು 5 ಸೆಕೆಂಡ್ ಕಾಲ ವಿಂಡೋದ ಮೆಸೇಜ್‌ಗಳನ್ನು ಯಾರೂ ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದನ್ನು ಮರೆಮಾಡಿ, ಅದೇ ಅಳತೆಯ ನಕಲಿ ವಿಂಡೋ ಒಂದನ್ನು ಅಲ್ಲಿ ನಿಲ್ಲಿಸುತ್ತದೆ. ಬಿಳುಚಿಕೊಂಡು ಕಾಣುವುದು ಆ ನಕಲಿ.

ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಫೋಲ್ಡರ್‌ನಲ್ಲಿ 20,000 ಫೋಟೊಗಳಿವೆ. ಆ್ಯಪ್ ಅವನ್ನೆಲ್ಲ ಓದಿ, ಪ್ರತಿಯೊಂದರ ಹ್ಯಾಶ್ (ಫೈಲ್‌ನ ಬೈಟ್‌ಗಳಿಂದ ಸಿಗುವ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ, ಒಂದೇ ಫೋಟೊ ಎರಡೆರಡು ಕಡೆ ಇದ್ದರೆ ಚಿಕ್ಕ ಚಿತ್ರದ ಸಮೇತ ಪಟ್ಟಿಯಲ್ಲಿ ತೋರಿಸಬೇಕು. ಹೆಸರುಗಳನ್ನು ಸಿ ಶಾರ್ಪ್ ಭಾಷೆ ಮತ್ತು ವಿಂಡೋಸ್‌ನಲ್ಲಿ ವಿಂಡೋ ಕಟ್ಟುವ ಟೂಲ್‌ಕಿಟ್ ಆದ ಡಬ್ಲ್ಯೂಪಿಎಫ್‌ನಿಂದ ತೆಗೆದುಕೊಂಡಿದ್ದೇವೆ. ಬೇರೆ ಟೂಲ್‌ಕಿಟ್‌ಗಳಲ್ಲಿ ಹೆಸರು ಬದಲಾಗುತ್ತದೆ, ನಿಯಮ ಬದಲಾಗುವುದಿಲ್ಲ.

## ಲೂಪ್ ಒಂದು, ಥ್ರೆಡ್ ಒಂದು

ಡೆಸ್ಕ್‌ಟಾಪ್ ಆ್ಯಪ್ ಎಂದರೆ ಮೂಲದಲ್ಲಿ ನಿಲ್ಲದೆ ಸುತ್ತುವ ಒಂದು ಲೂಪ್. ಮೌಸ್ ಕ್ಲಿಕ್, ಒತ್ತಿದ ಕೀಲಿ, ಟೈಮರ್, ‘ಈ ಭಾಗವನ್ನು ಮತ್ತೆ ಬಿಡಿಸು’ ಎಂಬ ಕೋರಿಕೆ, ಎಲ್ಲವೂ ಒಂದೇ ಕ್ಯೂಗೆ (ಸರದಿ ಸಾಲಿಗೆ) ಬಂದು ಬೀಳುತ್ತವೆ. ವಿಂಡೋ ನಡೆಸುವ ಯುಐ ಥ್ರೆಡ್ (ಸಾಮಾನ್ಯವಾಗಿ ಇದೇ ಮೇನ್ ಥ್ರೆಡ್) ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಅದರ ಹ್ಯಾಂಡ್ಲರ್, ಅಂದರೆ ಅದಕ್ಕೆಂದು ಬರೆದ ಕೋಡ್, ಓಡಿಸುತ್ತದೆ, ಮುಗಿದ ಮೇಲೆಯೇ ಮುಂದಿನದು. ನಿಮ್ಮ ಕ್ಲಿಕ್ ಹ್ಯಾಂಡ್ಲರ್ 8 ಸೆಕೆಂಡ್ ತೆಗೆದುಕೊಂಡರೆ ಹಿಂದಿರುವ ಎಲ್ಲವೂ 8 ಸೆಕೆಂಡ್ ಕಾಯುತ್ತವೆ. ಪ್ರಗತಿ ತೋರಿಸಲೆಂದು ಹ್ಯಾಂಡ್ಲರ್‌ನ ನಡುವೆ ಬದಲಿಸಿದ ಲೇಬಲ್ ಕೂಡ ತೆರೆಯ ಮೇಲೆ ಕಾಣುವುದಿಲ್ಲ, ಏಕೆಂದರೆ ಅದನ್ನು ಬಿಡಿಸುವ ಸರದಿಯೇ ಬಂದಿಲ್ಲ.

60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್, 144 ಹರ್ಟ್ಜ್‌ನಲ್ಲಿ 7ಕ್ಕಿಂತ ಕಡಿಮೆ. ಪ್ರತಿಯೊಂದು ಹ್ಯಾಂಡ್ಲರನ್ನೂ ಅಷ್ಟರಲ್ಲೇ ಮುಗಿಸಬೇಕೆಂದು ಹಟ ಹಿಡಿಯಬೇಕಿಲ್ಲ. ವಿಂಡೋಸ್ 8ರ ಹೊಸ ಎಪಿಐಗಳನ್ನು (ಪ್ರೋಗ್ರಾಂಗಳು ಕರೆಯುವ ಸಿದ್ಧ ಮೆಥಡ್‌ಗಳನ್ನು) ರೂಪಿಸುವಾಗ ಮೈಕ್ರೋಸಾಫ್ಟ್ ಇಟ್ಟುಕೊಂಡ ಗೆರೆ 50 ಮಿಲಿಸೆಕೆಂಡ್: ಅದನ್ನು ಮೀರಬಹುದಾದ ಕೆಲಸಕ್ಕೆ ಅಸಿಂಕ್ ರೂಪವನ್ನಷ್ಟೇ, ಅಂದರೆ ಕೆಲಸ ಮುಗಿಯುವವರೆಗೆ ಕರೆದವರನ್ನು ನಿಲ್ಲಿಸದ ರೂಪವನ್ನಷ್ಟೇ, ಕೊಟ್ಟರು. ನಿಮ್ಮ ಕೋಡ್‌ಗೂ ಆ ಗೆರೆ ಸಾಕು.

ವಿಂಡೋವನ್ನು ಎಲ್ಲ ಥ್ರೆಡ್‌ಗಳೂ ಮುಟ್ಟುವಂತೆ ಮಾಡಿ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಹಾಕಿದರೆ ಆಗದೇ? ಪ್ರಯತ್ನಗಳು ನಡೆದಿವೆ, ಸೋತಿವೆ. ಕಾರಣ ಸರಳ. ಕ್ಲಿಕ್ ಕೆಳಗಿನಿಂದ ಮೇಲಕ್ಕೆ ಬರುತ್ತದೆ: ಆಪರೇಟಿಂಗ್ ಸಿಸ್ಟಮ್, ಟೂಲ್‌ಕಿಟ್, ಕೊನೆಗೆ ನಿಮ್ಮ ಕೋಡ್. ನೀವು ಲೇಬಲ್ ಬದಲಿಸಿದರೆ ಕರೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಎರಡೂ ದಿಕ್ಕಿನಲ್ಲಿ ಹೋಗುವವರು ದಾರಿಯುದ್ದಕ್ಕೂ ಲಾಕ್ ಹಿಡಿಯುತ್ತ ಹೋದರೆ ನಡುವೆ ಎಲ್ಲೋ ಎದುರುಬದುರಾಗಿ ಸಿಕ್ಕಿಕೊಳ್ಳುವುದು ಖಚಿತ. ಆದ್ದರಿಂದಲೇ ಡಬ್ಲ್ಯೂಪಿಎಫ್, ವಿನ್‌ಫಾರ್ಮ್ಸ್, ಸ್ವಿಂಗ್, ಜಾವಾಎಫ್ಎಕ್ಸ್, ಕ್ಯೂಟಿ, ಜಿಟಿಕೆ, ಆ್ಯಪ್‌ಕಿಟ್ ಎಂಬ ಟೂಲ್‌ಕಿಟ್‌ಗಳೆಲ್ಲವೂ ಒಂದೇ ಥ್ರೆಡ್‌ನ ನಿಯಮಕ್ಕೆ ಬಂದು ನಿಂತಿವೆ.

## ಹಂತ 1: ಕಾಯುವ ಕೆಲಸವೋ, ದುಡಿಯುವ ಕೆಲಸವೋ?

ಕೋಡ್ ತಿದ್ದುವ ಮುನ್ನ ಹ್ಯಾಂಗ್ ಆದ ಕ್ಷಣದಲ್ಲೇ ಡಿಬಗರ್‌ನಿಂದ ‘ಬ್ರೇಕ್ ಆಲ್’ ಒತ್ತಿ ಮೇನ್ ಥ್ರೆಡ್‌ನ ಕಾಲ್ ಸ್ಟ್ಯಾಕ್ (ಯಾವ ಮೆಥಡ್ ಯಾವುದನ್ನು ಕರೆದು ಈಗ ಎಲ್ಲಿ ನಿಂತಿದೆ ಎಂಬ ಪಟ್ಟಿ) ನೋಡಿ. ಜಾವಾದಲ್ಲಾದರೆ ‘ಜೆಸ್ಟ್ಯಾಕ್’ ಓಡಿಸಿ, ‘ಎಡಬ್ಲ್ಯೂಟಿ-ಇವೆಂಟ್‌ಕ್ಯೂ-0’ ಎಂಬ ಥ್ರೆಡ್ ಎಲ್ಲಿ ನಿಂತಿದೆ ಎಂದು ಹುಡುಕಿ. ಊಹೆ ಬೇಡ. ಮೂರು ನಾಲ್ಕು ಸಲ ನಿಲ್ಲಿಸಿ ನೋಡಿದರೆ ಮತ್ತೆ ಮತ್ತೆ ಕಾಣುವ ಸಾಲೇ ಅಪರಾಧಿ.

ಆ ಸಾಲು ನೆಟ್‌ವರ್ಕ್, ಡಿಸ್ಕ್ ಅಥವಾ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿದ್ದರೆ ಅದು ಕಾಯುವ ಕೆಲಸ. ಅದಕ್ಕೆ ಇನ್ನೊಂದು ಥ್ರೆಡ್ ಬೇಕಿಲ್ಲ. ಅಸಿಂಕ್ ಎಪಿಐ ಮತ್ತು ಥ್ರೆಡ್ಡನ್ನು ನಿಲ್ಲಿಸದೆ ಉತ್ತರಕ್ಕೆ ಕಾಯುವ ಅವೇಟ್ ಸಾಕು. ಹ್ಯಾಶ್, ಚಿತ್ರದ ಡೀಕೋಡಿಂಗ್, ದೊಡ್ಡ ಪಟ್ಟಿಯ ವಿಂಗಡಣೆ ಇವು ಪ್ರೊಸೆಸರ್ ದುಡಿಯುವ ಕೆಲಸ, ಅವನ್ನು ಟಾಸ್ಕ್.ರನ್ ಮೂಲಕ ಥ್ರೆಡ್ ಪೂಲ್‌ಗೆ (ಹಿನ್ನೆಲೆ ಕೆಲಸಕ್ಕೆ ಸಿದ್ಧವಿರುವ ಥ್ರೆಡ್‌ಗಳ ಗುಂಪಿಗೆ) ಕಳಿಸಬೇಕು. ಎರಡನ್ನೂ ಬೆರೆಸಿಕೊಂಡರೆ ಒಂದೋ ಸುಮ್ಮನೆ ಕಾಯಲು ಥ್ರೆಡ್ ಹಿಡಿದಿಟ್ಟಂತೆ, ಇಲ್ಲವೇ ಅವೇಟ್ ಬರೆದೂ ವಿಂಡೋ ನಿಂತಂತೆ.

ನಮ್ಮ ಆ್ಯಪ್‌ನಲ್ಲಿ ಎರಡೂ ಇವೆ. ಅದಕ್ಕೂ ಮೊದಲು ಕೆಲಸವನ್ನೇ ಕಡಿಮೆ ಮಾಡುವ ದಾರಿಯೊಂದಿದೆ: ಫೈಲ್‌ಗಳನ್ನು ಗಾತ್ರದ ಪ್ರಕಾರ ಗುಂಪು ಮಾಡಿ, ಒಂದೇ ಗಾತ್ರದವು ಎರಡಾದರೂ ಇದ್ದರಷ್ಟೇ ಹ್ಯಾಶ್ ಮಾಡಿ. ಬೈಟ್ ಲೆಕ್ಕವೇ ಬೇರೆಯಿದ್ದರೆ ಫೋಟೊ ಒಂದೇ ಆಗಲು ಸಾಧ್ಯವಿಲ್ಲ. ಥ್ರೆಡ್‌ಗೆ ಕಳಿಸುವುದಕ್ಕಿಂತ ಮಾಡದೆ ಬಿಡುವುದು ಯಾವಾಗಲೂ ಅಗ್ಗ.

## ಹಂತ 2: ಅವೇಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅಸಿಂಕ್ ಎಂದು ಬರೆದ ಮಾತ್ರಕ್ಕೆ ಮೆಥಡ್ ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಅದು ಕರೆದವರ ಥ್ರೆಡ್‌ನಲ್ಲೇ ಶುರುವಾಗಿ, ಇನ್ನೂ ಮುಗಿಯದ ಯಾವುದಾದರೂ ಕೆಲಸವನ್ನು ಅವೇಟ್ ಮಾಡುವ ಮೊದಲ ಜಾಗದವರೆಗೆ ಸಾಮಾನ್ಯ ಮೆಥಡ್‌ನಂತೆಯೇ ಓಡುತ್ತದೆ. ಅಲ್ಲಿ ‘ಮಿಕ್ಕಿದ್ದನ್ನು ಆಮೇಲೆ ಮಾಡು’ ಎಂದು ಗುರುತಿಟ್ಟು ಹಿಂದಿರುಗುತ್ತದೆ. ಲೂಪ್ ಬಿಡುವಾಗುತ್ತದೆ, ವಿಂಡೋ ಉಸಿರಾಡುತ್ತದೆ. ಕೆಲಸ ಮುಗಿದಾಗ ಮಿಕ್ಕ ಭಾಗ, ಮೊದಲೇ ಹಿಡಿದಿಟ್ಟುಕೊಂಡ ಸಿಂಕ್ರೊನೈಸೇಶನ್ ಕಾಂಟೆಕ್ಸ್ಟ್ (ಎಲ್ಲಿಗೆ ಮರಳಬೇಕೆಂಬ ವಿಳಾಸ) ಮೂಲಕ, ಮತ್ತೆ ಯುಐ ಥ್ರೆಡ್‌ನ ಕ್ಯೂಗೆ ಬರುತ್ತದೆ. ಹೀಗಾಗಿಯೇ ಕ್ಲಿಕ್ ಹ್ಯಾಂಡ್ಲರ್‌ನಲ್ಲಿ ಅವೇಟ್ ಆದ ಮುಂದಿನ ಸಾಲಿನಲ್ಲೇ ಲೇಬಲ್ ಬದಲಿಸಬಹುದು.

ಮೊದಲ ಅವೇಟ್‌ಗೆ ಮುಂಚೆ 2 ಸೆಕೆಂಡಿನ ಲೆಕ್ಕಾಚಾರ ಇದ್ದರೆ ಆ 2 ಸೆಕೆಂಡ್ ವಿಂಡೋ ನಿಂತಿರುತ್ತದೆ. ಇದು ಎಲ್ಲರಿಗೂ ಬೇಗ ಹೊಳೆಯುತ್ತದೆ. ಹೊಳೆಯದೇ ಇರುವುದು ಹೆಸರಿನಲ್ಲಷ್ಟೇ ಅಸಿಂಕ್ ಆಗಿರುವ ಲೈಬ್ರರಿಗಳು. ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯೂಲೈಟ್‌ನ ಅಸಿಂಕ್ ಮೆಥಡ್‌ಗಳು ಒಳಗೆ ಸಿಂಕ್ರೊನಸ್ ಆಗಿಯೇ, ಮುಗಿಯುವವರೆಗೆ ಥ್ರೆಡ್ಡನ್ನು ಹಿಡಿದಿಟ್ಟೇ, ಓಡುತ್ತವೆ, ಏಕೆಂದರೆ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೇ ಅಸಿಂಕ್ ಓದು-ಬರಹ ಗೊತ್ತಿಲ್ಲ. ಹ್ಯಾಶ್‌ಗಳನ್ನು ಅದರಲ್ಲಿ ಉಳಿಸುತ್ತಿದ್ದರೆ ಎಷ್ಟು ಅವೇಟ್ ಹಾಕಿದರೂ ಪ್ರಯೋಜನವಿಲ್ಲ. ಆ ಕರೆಗಳನ್ನು ಟಾಸ್ಕ್.ರನ್ ಒಳಗೆ ಸುತ್ತಿ. ಅನುಮಾನ ಬಂದರೆ ಕರೆಗೆ ಮುಂಚೆ ಒಂದು ಸ್ಟಾಪ್‌ವಾಚ್ ಓಡಿಸಿ, ಟಾಸ್ಕ್ (ನಡೆಯುತ್ತಿರುವ ಕೆಲಸದ ಗುರುತು) ಕೈಗೆ ಬಂದ ಕೂಡಲೇ, ಅವೇಟ್ ಮಾಡುವ ಮೊದಲೇ, ಅದನ್ನು ಓದಿ. ಅಲ್ಲೇ ನೂರಾರು ಮಿಲಿಸೆಕೆಂಡ್ ಕಂಡರೆ ಗುಟ್ಟು ರಟ್ಟಾಯಿತು.

## ಹಂತ 3: ಹಿನ್ನೆಲೆಗೆ ಕಳಿಸುವಾಗ ಬುತ್ತಿ ಕಟ್ಟಿ ಕಳಿಸಿ

ಟಾಸ್ಕ್.ರನ್ ಒಳಗೆ ಹೋದ ಕೋಡ್ ವಿಂಡೋದ ಯಾವ ಕಂಟ್ರೋಲನ್ನೂ ಮುಟ್ಟಬಾರದು, ಓದಲೂಬಾರದು. ಫೋಲ್ಡರ್ ಹಾದಿ, ಚೆಕ್‌ಬಾಕ್ಸ್‌ನ ಸ್ಥಿತಿ, ಆರಿಸಿದ ಸಾಲುಗಳು ಎಲ್ಲವನ್ನೂ ಯುಐ ಥ್ರೆಡ್‌ನಲ್ಲಿ ಇರುವಾಗಲೇ ಲೋಕಲ್ ವೇರಿಯಬಲ್‌ಗಳಿಗೆ ತೆಗೆದುಕೊಳ್ಳಿ, ಪಟ್ಟಿಯಾದರೆ ನಕಲು ಮಾಡಿಕೊಳ್ಳಿ. ಹಿನ್ನೆಲೆಯ ಕೆಲಸ ಮೌಲ್ಯಗಳನ್ನು ಹೊತ್ತುಕೊಂಡು ಹೋಗಿ ಮೌಲ್ಯಗಳನ್ನೇ ಹೊತ್ತು ತರಲಿ. ಎರಡೂ ಕಡೆಯವರು ಒಂದೇ ಪಟ್ಟಿಯನ್ನು ತಿದ್ದದಿದ್ದರೆ ಅರ್ಧಕ್ಕರ್ಧ ಲಾಕ್‌ಗಳ ಅಗತ್ಯವೇ ಬರುವುದಿಲ್ಲ.

20,000 ಫೈಲ್‌ಗೆ 20,000 ಟಾಸ್ಕ್ ಹುಟ್ಟಿಸಬೇಡಿ. ಸಿ ಶಾರ್ಪ್ ಓಡುವ ಡಾಟ್‌ನೆಟ್‌ನ 6ನೇ ಆವೃತ್ತಿಯಿಂದ ಪ್ಯಾರಲಲ್.ಫಾರ್‌ಈಚ್‌ಅಸಿಂಕ್ ಇದೆ, ಏಕಕಾಲಕ್ಕೆ ಎಷ್ಟು ಎಂಬ ಮಿತಿಯನ್ನು ಪ್ರೊಸೆಸರ್ ಕೋರ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಇಡಿ, ಒಂದು ಕೋರ್ ವಿಂಡೋಗೆ ಉಳಿಯಲಿ. ತಿರುಗುವ ಹಾರ್ಡ್‌ಡಿಸ್ಕ್ ಆದರೆ 1 ಅಥವಾ 2 ಸಾಕು. ಅದರ ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುವುದರಿಂದ ಹೆಚ್ಚು ಥ್ರೆಡ್ ಎಂದರೆ ನಿಧಾನವೇ.

ಪೈಥಾನ್‌ನವರಿಗೊಂದು ಮಾತು. ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಲಾಕ್) ಇರುವ ಸಾಮಾನ್ಯ ಪೈಥಾನ್‌ನಲ್ಲಿ ಲೆಕ್ಕಾಚಾರದ ಥ್ರೆಡ್ ಒಂದು ಓಡುತ್ತಿದ್ದರೆ ಟಿಕೆಇಂಟರ್ ಟೂಲ್‌ಕಿಟ್‌ನ ವಿಂಡೋ ತಡವರಿಸುತ್ತದೆ, ಏಕೆಂದರೆ ಥ್ರೆಡ್‌ಗಳು ಸರದಿ ಬಿಟ್ಟುಕೊಡುವ ಅವಧಿಯೇ 5 ಮಿಲಿಸೆಕೆಂಡ್. ಶುದ್ಧ ಪೈಥಾನ್ ಲೆಕ್ಕವನ್ನು ಬೇರೆ ಪ್ರೊಸೆಸ್‌ಗೆ ಕಳಿಸಿ. ಹ್ಯಾಶ್ ಲೆಕ್ಕದ ಹ್ಯಾಶ್‌ಲಿಬ್ ಲೈಬ್ರರಿ ಮಾತ್ರ ದೊಡ್ಡ ತುಣುಕು ಕೊಟ್ಟರೆ ಜಿಐಎಲ್ ಬಿಟ್ಟುಕೊಟ್ಟು ಓಡುತ್ತದೆ. ಹಾಗಾಗಿ 1 ಮೆಗಾಬೈಟ್‌ನಂತೆ ಓದಿ ಕೊಡುತ್ತ ಹೋದರೆ ನಮ್ಮ ಉದಾಹರಣೆಗೆ ಥ್ರೆಡ್ಡೇ ಸಾಕು.

## ಹಂತ 4: ಹಿಂದಿರುಗುವ ದಾರಿ

ಅವೇಟ್ ಬಳಸಿದರೆ ಮರಳುವ ದಾರಿ ತಾನಾಗಿಯೇ ಸಿಗುತ್ತದೆ. ಇಲ್ಲದಿದ್ದರೆ ಕೈಯಾರೆ ಕ್ಯೂಗೆ ಹಾಕಬೇಕು. ಡಬ್ಲ್ಯೂಪಿಎಫ್‌ನಲ್ಲಿ ಡಿಸ್ಪ್ಯಾಚರ್‌ನ ಇನ್ವೋಕ್‌ಅಸಿಂಕ್, ವಿನ್‌ಫಾರ್ಮ್ಸ್‌ನಲ್ಲಿ ಕಂಟ್ರೋಲ್‌ನ ಬಿಗಿನ್‌ಇನ್ವೋಕ್, ಸ್ವಿಂಗ್‌ನಲ್ಲಿ ಇನ್ವೋಕ್‌ಲೇಟರ್, ಜಾವಾಎಫ್ಎಕ್ಸ್‌ನಲ್ಲಿ ಪ್ಲಾಟ್‌ಫಾರ್ಮ್.ರನ್‌ಲೇಟರ್, ಮ್ಯಾಕ್‌ನಲ್ಲಿ ಡಿಸ್ಪ್ಯಾಚ್‌ಕ್ಯೂ.ಮೇನ್.ಅಸಿಂಕ್. ಜಿಟಿಕೆಯಲ್ಲಿ ಜಿ-ಐಡಲ್-ಆ್ಯಡ್, ಅದರ ಕಾಲ್‌ಬ್ಯಾಕ್ ‘ಫಾಲ್ಸ್’ ಹಿಂದಿರುಗಿಸದಿದ್ದರೆ ಮತ್ತೆ ಮತ್ತೆ ಓಡುತ್ತಲೇ ಇರುತ್ತದೆ. ಟಿಕೆಇಂಟರ್‌ನಲ್ಲಿ ಥ್ರೆಡ್‌ನಿಂದ ಒಂದು ಕ್ಯೂಗೆ ಹಾಕಿ, ವಿಂಡೋ ಕಡೆಯಿಂದ ‘ಆಫ್ಟರ್’ ಮೂಲಕ 100 ಮಿಲಿಸೆಕೆಂಡಿಗೊಮ್ಮೆ ತೆಗೆಯುವುದು ವಾಡಿಕೆ.

ಕ್ಯೂಟಿಯಲ್ಲಿ ಸಿಗ್ನಲ್-ಸ್ಲಾಟ್ (ಸುದ್ದಿ ಮತ್ತು ಅದು ಬಂದಾಗ ಓಡುವ ಮೆಥಡ್) ಈ ಕೆಲಸ ಮಾಡುತ್ತದೆ: ಸಿಗ್ನಲ್ ಪಡೆಯುವ ಆಬ್ಜೆಕ್ಟ್ ಬೇರೆ ಥ್ರೆಡ್‌ಗೆ ಸೇರಿದ್ದರೆ ಕರೆ ಕ್ಯೂ ಮೂಲಕ ಹೋಗುತ್ತದೆ. ಎಡವುವ ಕಲ್ಲು ಒಂದಿದೆ. ಕ್ಯೂಥ್ರೆಡ್ ಆಬ್ಜೆಕ್ಟ್ ತಾನು ನಡೆಸುವ ಥ್ರೆಡ್‌ಗೆ ಸೇರಿದ್ದಲ್ಲ, ತನ್ನನ್ನು ಸೃಷ್ಟಿಸಿದ ಥ್ರೆಡ್‌ಗೆ ಸೇರಿದ್ದು. ಕ್ಯೂಥ್ರೆಡ್‌ನಿಂದ ಕ್ಲಾಸ್ ಮಾಡಿ ಅದರಲ್ಲಿ ಸ್ಲಾಟ್ ಬರೆದರೆ ಆ ಸ್ಲಾಟ್ ಯುಐ ಥ್ರೆಡ್‌ನಲ್ಲೇ ಓಡುತ್ತದೆ. ಕೆಲಸಗಾರ ಆಬ್ಜೆಕ್ಟ್ ಬೇರೆಯೇ ಮಾಡಿ ಮೂವ್‌ಟುಥ್ರೆಡ್‌ನಿಂದ ಕಳಿಸಿ.

ವಿನ್‌ಫಾರ್ಮ್ಸ್‌ನಲ್ಲಿ ತಪ್ಪು ಥ್ರೆಡ್‌ನಿಂದ ಮುಟ್ಟಿದಾಗ ಎಕ್ಸೆಪ್ಶನ್ ಬರುವುದು ಡಿಬಗರ್ ಅಂಟಿಕೊಂಡಿದ್ದಾಗ ಮಾತ್ರ, ಅದು ಅಲ್ಲಿನ ಡೀಫಾಲ್ಟ್. ಡಿಬಗರ್ ಇಲ್ಲದೆ ಅದೇ ತಪ್ಪು ಸದ್ದಿಲ್ಲದೆ ನಡೆದು ಮುಂದೊಂದು ದಿನ ವಿಚಿತ್ರವಾಗಿ ಕೈಕೊಡುತ್ತದೆ. ಆ ಪರೀಕ್ಷೆಯನ್ನೇ ಆಫ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದು ಹೊಗೆ ಬಂತೆಂದು ಅಲಾರಂನ ತಂತಿ ಕಿತ್ತಂತೆ. ಇನ್ನೊಂದು: ವಿಂಡೋದ ಹ್ಯಾಂಡಲ್ ಸೃಷ್ಟಿಯಾಗುವ ಮುನ್ನ ‘ಇದು ತಪ್ಪು ಥ್ರೆಡ್ಡೇ?’ ಎಂದು ಕೇಳಲು ಇರುವ ಇನ್ವೋಕ್‌ರಿಕ್ವೈರ್ಡ್ ‘ಫಾಲ್ಸ್’ ಎಂದೇ ಹೇಳಬಹುದು. ಕನ್‌ಸ್ಟ್ರಕ್ಟರ್‌ನಲ್ಲೇ ಹಿನ್ನೆಲೆ ಕೆಲಸ ಶುರುಮಾಡಬೇಡಿ, ಲೋಡ್ ಇವೆಂಟ್‌ವರೆಗೆ ತಡೆಯಿರಿ.

ಡಬ್ಲ್ಯೂಪಿಎಫ್ ಬೈಂಡಿಂಗ್ (ಡೇಟಾ ಬದಲಾದರೆ ಕಂಟ್ರೋಲನ್ನೂ ತಾನೇ ಬದಲಿಸುವ ಕೊಂಡಿ) ಅರ್ಧ ಮಾತ್ರ ಕ್ಷಮಿಸುತ್ತದೆ. ಒಂಟಿ ಪ್ರಾಪರ್ಟಿಯ ಬದಲಾವಣೆಯನ್ನು ಯಾವ ಥ್ರೆಡ್‌ನಿಂದ ಸೂಚಿಸಿದರೂ ಅದೇ ದಾಟಿಸಿಕೊಳ್ಳುತ್ತದೆ. ಪಟ್ಟಿಯ ಸಾಲುಗಳನ್ನು ಹಿಡಿದಿಡುವ ಅಬ್ಸರ್ವಬಲ್‌ಕಲೆಕ್ಷನ್‌ಗೆ ಬೇರೆ ಥ್ರೆಡ್‌ನಿಂದ ಸಾಲು ಸೇರಿಸಿದರೆ ಮಾತ್ರ ನಾಟ್‌ಸಪೋರ್ಟೆಡ್ ಎಕ್ಸೆಪ್ಶನ್. ಚಿಕ್ಕ ಚಿತ್ರಗಳಿಗೂ ಇಂಥದೇ ನಿಯಮ: ಬಿಟ್‌ಮ್ಯಾಪ್‌ಇಮೇಜನ್ನು ಹಿನ್ನೆಲೆಯಲ್ಲಿ ಸೃಷ್ಟಿಸಿ, ಕ್ಯಾಶ್ ಆಪ್ಶನ್ ‘ಆನ್‌ಲೋಡ್’ ಇಟ್ಟು, ಡೀಕೋಡ್ ಅಗಲ 160 ಪಿಕ್ಸೆಲ್ ಎಂದು ಕೊಟ್ಟು, ಕೊನೆಗೆ ‘ಫ್ರೀಜ್’ ಕರೆಯಿರಿ. ಫ್ರೀಜ್ ಮಾಡಿದ ಚಿತ್ರವನ್ನು ಯಾವ ಥ್ರೆಡ್ ಬೇಕಾದರೂ ಬಳಸಬಹುದು, ಮಾಡದಿದ್ದರೆ ಅದು ಹುಟ್ಟಿದ ಥ್ರೆಡ್‌ನ ಸೊತ್ತಾಗಿಯೇ ಉಳಿಯುತ್ತದೆ. ಕ್ಯೂಟಿಯವರು ಹಿನ್ನೆಲೆಯಲ್ಲಿ ಕ್ಯೂಇಮೇಜ್ ಬಳಸಿ, ವಿಂಡೋ ಕಡೆ ಬಂದ ಮೇಲೆ ಕ್ಯೂಪಿಕ್ಸ್‌ಮ್ಯಾಪ್ ಮಾಡಿಕೊಳ್ಳಲಿ.

## ಹಂತ 5: ಪ್ರಗತಿಯನ್ನು ಹನಿ ಹನಿಯಾಗಿ ಅಲ್ಲ, ಬೊಗಸೆಯಲ್ಲಿ ತನ್ನಿ

ಹ್ಯಾಶ್ ಹಿನ್ನೆಲೆಗೆ ಹೋಯಿತು, ಆದರೂ ವಿಂಡೋ ನಿಂತಿದೆ. ಕಾರಣ ಸಾಮಾನ್ಯವಾಗಿ ಇದು: ಪ್ರತಿ ಫೈಲ್ ಮುಗಿದಾಗಲೂ ಯುಐ ಕ್ಯೂಗೆ ಒಂದು ಕೋರಿಕೆ ಬೀಳುತ್ತಿದೆ. ಚಿಕ್ಕ ಫೈಲ್‌ಗಳಾದರೆ ಸೆಕೆಂಡಿಗೆ ಸಾವಿರಾರು. ಡಬ್ಲ್ಯೂಪಿಎಫ್‌ನಲ್ಲಿ ಹೀಗೆ ಹಾಕಿದ್ದು ‘ನಾರ್ಮಲ್’ ಆದ್ಯತೆಯಲ್ಲಿ ನಿಲ್ಲುತ್ತದೆ, ಮೌಸ್ ಮತ್ತು ಕೀಬೋರ್ಡ್‌ನ ‘ಇನ್‌ಪುಟ್’ ಅದಕ್ಕಿಂತ ಕೆಳಗೆ. ಕ್ಯೂ ಖಾಲಿಯಾಗುವವರೆಗೆ ಕ್ಲಿಕ್‌ಗೆ ಸರದಿಯೇ ಇಲ್ಲ. ಪ್ರಗತಿ ವರದಿಗೆಂದೇ ಇರುವ ಪ್ರೋಗ್ರೆಸ್ ಕ್ಲಾಸ್ ಬಳಸಿದರೂ ಕಥೆ ಇದೇ, ಅದು ಪ್ರತಿ ವರದಿಯನ್ನೂ ಒಂದೊಂದಾಗಿ ಕ್ಯೂಗೆ ಹಾಕುತ್ತದೆ. ಅದನ್ನು ಯುಐ ಥ್ರೆಡ್‌ನಲ್ಲೇ ಸೃಷ್ಟಿಸಬೇಕು ಎಂಬುದನ್ನೂ ಮರೆಯಬೇಡಿ, ಟಾಸ್ಕ್.ರನ್ ಒಳಗೆ ಸೃಷ್ಟಿಸಿದರೆ ವರದಿಗಳು ಪೂಲ್ ಥ್ರೆಡ್‌ನಲ್ಲೇ ಓಡುತ್ತವೆ.

ಪರಿಹಾರ: ಹಿನ್ನೆಲೆಯವರು ಫಲಿತಾಂಶವನ್ನು ಕನ್‌ಕರೆಂಟ್‌ಕ್ಯೂ (ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಬಹುದಾದ ಕ್ಯೂ) ಒಂದಕ್ಕೆ ಹಾಕುತ್ತ ಹೋಗಲಿ, ಎಣಿಕೆಯನ್ನು ಹಲವು ಥ್ರೆಡ್‌ಗಳು ಏರಿಸಿದರೂ ಲೆಕ್ಕ ತಪ್ಪದ ಇಂಟರ್‌ಲಾಕ್ಡ್ ಮೂಲಕ ಏರಿಸಲಿ. ವಿಂಡೋ ಕಡೆ ಒಂದು ಡಿಸ್ಪ್ಯಾಚರ್‌ಟೈಮರ್ 100 ಮಿಲಿಸೆಕೆಂಡಿಗೊಮ್ಮೆ ಎದ್ದು, ಒಂದು ಸಲಕ್ಕೆ 200 ಸಾಲು ಮೀರದಂತೆ ತೆಗೆದು ಪಟ್ಟಿಗೆ ಸೇರಿಸಲಿ. ಸೆಕೆಂಡಿಗೆ ಹತ್ತು ಸಲ ಬದಲಾಗುವ ಸಂಖ್ಯೆ ಕಣ್ಣಿಗೆ ಧಾರಾಳವಾಗಿ ಸಾಕು. ಕೆಲಸ ಮುಗಿದಾಗ ಟೈಮರ್ ನಿಲ್ಲಿಸುವ ಮುನ್ನ ಉಳಿದದ್ದನ್ನು ಪೂರ್ತಿ ಬಳಿದುಕೊಳ್ಳಿ, ಇಲ್ಲದಿದ್ದರೆ ಕೊನೆಯ ಕೆಲವು ಸಾಲು ಕಾಣೆಯಾಗುತ್ತವೆ. ಸ್ವಿಂಗ್‌ವರ್ಕರ್ ‘ಪಬ್ಲಿಶ್’ ಮಾಡಿದ್ದನ್ನು ಗುಂಪಾಗಿಸಿ ‘ಪ್ರೋಸೆಸ್’ಗೆ ಕೊಡುತ್ತದೆ, ಜಾವಾಎಫ್ಎಕ್ಸ್ ಟಾಸ್ಕ್‌ನ ಅಪ್‌ಡೇಟ್‌ಪ್ರೋಗ್ರೆಸ್ ಕೂಡ ಹಾಗೆಯೇ. ಅಲ್ಲಿ ಈ ಸರ್ಕಸ್ ಬೇಕಿಲ್ಲ.

ಕಂಟ್ರೋಲ್‌ಗಳನ್ನೇ ನೂರಾರು ಸಂಖ್ಯೆಯಲ್ಲಿ ಕಟ್ಟಬೇಕಾದಾಗ ಆ ಕೆಲಸ ಯುಐ ಥ್ರೆಡ್‌ನಲ್ಲೇ ನಡೆಯಬೇಕು, ಬೇರೆ ದಾರಿಯಿಲ್ಲ. ಆಗ ಲೂಪ್‌ನ ನಡುನಡುವೆ ಡಿಸ್ಪ್ಯಾಚರ್.ಯೀಲ್ಡ್ ಅನ್ನು ಅವೇಟ್ ಮಾಡಿ. ಅದು ‘ಬ್ಯಾಕ್‌ಗ್ರೌಂಡ್’ ಆದ್ಯತೆಗೆ ಇಳಿದು ಕ್ಲಿಕ್‌ಗಳಿಗೆ ದಾರಿ ಬಿಡುತ್ತದೆ. ಟಾಸ್ಕ್.ಯೀಲ್ಡ್ ಬಿಡುವುದಿಲ್ಲ, ‘ನಾರ್ಮಲ್’ನಲ್ಲೇ ಮತ್ತೆ ಮುಂದೆ ಬಂದು ನಿಲ್ಲುತ್ತದೆ.

## ಹಂತ 6: ಡೆಡ್‌ಲಾಕ್

ಅರ್ಧ ದಿನ ನುಂಗುವ ತಪ್ಪು ಇದು. ಕ್ಲಿಕ್ ಹ್ಯಾಂಡ್ಲರ್‌ನಲ್ಲಿ ಅಸಿಂಕ್ ಮೆಥಡ್ ಕರೆದು, ಅವೇಟ್ ಬದಲಿಗೆ ‘.ರಿಸಲ್ಟ್’ ಅಥವಾ ‘.ವೇಟ್’ ಬರೆದಿರುತ್ತಾರೆ. ಯುಐ ಥ್ರೆಡ್ ಟಾಸ್ಕ್ ಮುಗಿಯಲಿ ಎಂದು ನಿಲ್ಲುತ್ತದೆ. ಆ ಮೆಥಡ್‌ನ ಒಳಗಿನ ಅವೇಟ್ ಮುಗಿದು, ಮಿಕ್ಕ ಭಾಗ ಯುಐ ಕ್ಯೂಗೆ ಬರುತ್ತದೆ. ಕ್ಯೂ ನಡೆಸಬೇಕಾದವನು ಕಾಯುತ್ತ ನಿಂತಿದ್ದಾನೆ. ಇವನು ಮುಗಿದರೆ ಅವನು, ಅವನು ಮುಗಿದರೆ ಇವನು. ಪ್ರೊಸೆಸರ್ ಬಳಕೆ ಶೂನ್ಯ, ವಿಂಡೋ ಶಾಶ್ವತವಾಗಿ ಸ್ತಬ್ಧ. ಹ್ಯಾಂಗ್ ಆದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಶೂನ್ಯ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಒಂದು ಕೋರ್ ಪೂರ್ತಿ ಓಡುತ್ತಿದ್ದರೆ ದುಡಿಯುವ ಕೆಲಸ ತಪ್ಪು ಜಾಗದಲ್ಲಿದೆ.

ಕನ್ಸೋಲ್ ಆ್ಯಪ್‌ನಲ್ಲಿ ಇದೇ ಕೋಡ್ ಸರಾಗವಾಗಿ ಓಡುತ್ತದೆ, ಏಕೆಂದರೆ ಅಲ್ಲಿ ಮರಳಬೇಕಾದ ಕಾಂಟೆಕ್ಸ್ಟೇ ಇಲ್ಲ. ಹೀಗಾಗಿ ಪರೀಕ್ಷೆಯಲ್ಲಿ ಪಾಸಾದದ್ದು ವಿಂಡೋದಲ್ಲಿ ಸಿಕ್ಕಿಬೀಳುತ್ತದೆ.

ಸರಿಯಾದ ಮದ್ದು ಕೊನೆಯವರೆಗೂ ಅವೇಟ್: ಹ್ಯಾಂಡ್ಲರ್‌ನಿಂದ ಕೆಳಗಿನ ಪದರದವರೆಗೆ ಎಲ್ಲೂ ‘.ರಿಸಲ್ಟ್’ ಇರಬಾರದು. ಕಾನ್ಫಿಗರ್‌ಅವೇಟ್‌ಗೆ ‘ಫಾಲ್ಸ್’ ಕೊಟ್ಟರೆ ಮಿಕ್ಕ ಭಾಗ ಯುಐ ಥ್ರೆಡ್‌ಗೆ ಮರಳಬೇಕಿಲ್ಲ, ಡೆಡ್‌ಲಾಕ್ ತಪ್ಪುತ್ತದೆ ನಿಜ. ಆದರೆ ದಾರಿಯಲ್ಲಿರುವ ಪ್ರತಿಯೊಂದು ಅವೇಟ್‌ಗೂ ಅದಿರಬೇಕು, ಒಂದು ತಪ್ಪಿದರೂ ಸಾಕು. ಲೈಬ್ರರಿ ಕೋಡ್‌ನಲ್ಲಿ ಹಾಕಿ, ವಿಂಡೋದ ಕೋಡ್‌ನಲ್ಲಿ ಬೇಡ. ಅಲ್ಲಿ ಹಾಕಿದರೆ ಮುಂದಿನ ಸಾಲು ಪೂಲ್ ಥ್ರೆಡ್‌ನಲ್ಲಿ ಓಡಿ ಲೇಬಲ್ ಮುಟ್ಟಲು ಹೋಗುತ್ತದೆ. ಅದೂ ಪ್ರತಿ ಸಲ ಅಲ್ಲ: ಟಾಸ್ಕ್ ಮೊದಲೇ ಮುಗಿದಿದ್ದರೆ, ಉದಾಹರಣೆಗೆ ಉತ್ತರ ಕ್ಯಾಶ್‌ನಲ್ಲೇ ಸಿಕ್ಕಿದ್ದರೆ, ಅದೇ ಥ್ರೆಡ್‌ನಲ್ಲೇ ಮುಂದುವರಿಯುತ್ತದೆ. ಒಮ್ಮೆ ಸರಿ, ಒಮ್ಮೆ ಕ್ರ್ಯಾಶ್ ಎನ್ನುವ ದೂರುಗಳಿಗೆ ಇದೊಂದು ಮೂಲ.

ಇದರ ಅಣ್ಣತಮ್ಮ ಇನ್ನೊಂದು. ಹಿನ್ನೆಲೆ ಥ್ರೆಡ್ ಡಿಸ್ಪ್ಯಾಚರ್.ಇನ್ವೋಕ್ ಕರೆದು ಉತ್ತರಕ್ಕೆ ಕಾಯುತ್ತದೆ, ಯುಐ ಥ್ರೆಡ್ ಅದೇ ಹೊತ್ತಿಗೆ ಆ ಥ್ರೆಡ್ ಮುಗಿಯಲೆಂದೋ ಅದು ಹಿಡಿದ ಲಾಕ್‌ಗೆಂದೋ ಕಾಯುತ್ತದೆ. ಕಾಯದೆ ಹಾಕಿ ಬರುವ ರೂಪವನ್ನೇ ಬಳಸಿ, ಲಾಕ್ ಹಿಡಿದುಕೊಂಡು ಎಂದೂ ವಿಂಡೋ ಕಡೆ ಕರೆಯಬೇಡಿ. ಮ್ಯಾಕ್‌ನಲ್ಲಿ ಮೇನ್ ಥ್ರೆಡ್‌ನಿಂದಲೇ ಮೇನ್ ಕ್ಯೂಗೆ ‘ಸಿಂಕ್’ ಕರೆಯುವುದೂ ತನ್ನನ್ನೇ ತಾನು ಕಾಯುವ ಇದೇ ಜಾತಿ.

## ಹಂತ 7: ಅವೇಟ್‌ನ ಬಿಡುವಿನಲ್ಲಿ ಬಳಕೆದಾರ ಸುಮ್ಮನಿರುವುದಿಲ್ಲ

ವಿಂಡೋ ಈಗ ಜೀವಂತ. ಅಂದರೆ ‘ಹುಡುಕು’ ಬಟನ್ ಎರಡನೇ ಸಲ ಒತ್ತಬಹುದು, ಫೋಲ್ಡರ್ ಬದಲಿಸಬಹುದು, ವಿಂಡೋವನ್ನೇ ಮುಚ್ಚಬಹುದು. ಹಳೆಯ ಕೋಡ್‌ನ ಡುಎವೆಂಟ್ಸ್‌ನಲ್ಲೂ (ಹ್ಯಾಂಡ್ಲರ್‌ನ ನಡುವೆಯೇ ಕ್ಯೂ ಓಡಿಸುವ ಕರೆ) ಇದೇ ಅಪಾಯ, ಹೆಚ್ಚು ಕೆಟ್ಟ ರೂಪದಲ್ಲಿತ್ತು. ಕಂಡಲ್ಲೆಲ್ಲ ಅದನ್ನು ಕಿತ್ತುಹಾಕಿ.

ಬಟನ್ ನಿಷ್ಕ್ರಿಯಗೊಳಿಸುವ ಸಾಲು ಮೊದಲ ಅವೇಟ್‌ಗೆ ಮುಂಚೆಯೇ ಇರಲಿ, ಮತ್ತೆ ಸಕ್ರಿಯಗೊಳಿಸುವುದು ‘ಫೈನಲಿ’ಯಲ್ಲಿ ಇರಲಿ. ‘ನಿಲ್ಲಿಸು’ ಬಟನ್‌ಗೆ ಕ್ಯಾನ್ಸಲೇಶನ್‌ಟೋಕನ್ ಕೊಡಿ. ಅದು ಥ್ರೆಡ್ಡನ್ನು ಕೊಲ್ಲುವುದಿಲ್ಲ, ಕೇಳಿಕೊಳ್ಳುತ್ತದಷ್ಟೇ. ಪ್ರತಿ ಫೈಲ್‌ಗೊಮ್ಮೆ, ದೊಡ್ಡ ಫೈಲ್ ಆದರೆ ಪ್ರತಿ ತುಣುಕಿಗೊಮ್ಮೆ, ನಿಮ್ಮ ಕೋಡೇ ಅದನ್ನು ನೋಡಬೇಕು. ಆಪರೇಶನ್‌ಕ್ಯಾನ್ಸಲ್ಡ್ ಎಕ್ಸೆಪ್ಶನ್‌ಗೆ ಎರರ್ ಬಾಕ್ಸ್ ತೋರಿಸಬೇಡಿ, ಕೇಳಿದ್ದೇ ಆಗಿದೆ.

ಟೈಪ್ ಮಾಡಿದಂತೆಲ್ಲ ಹುಡುಕುವ ಪೆಟ್ಟಿಗೆಯಲ್ಲಿ ಹಳೆಯ ಉತ್ತರ ಹೊಸದರ ಮೇಲೆ ಬಂದು ಕೂರುವುದು ಸಾಮಾನ್ಯ. ‘ಮೈ’ ಎಂಬುದರ ಉತ್ತರ ‘ಮೈಸೂರು’ ಎಂಬುದರ ಉತ್ತರಕ್ಕಿಂತ ತಡವಾಗಿ ಬರಬಹುದು. ಕೊನೆಯ ಕೀಲಿಯಾದ ಮೇಲೆ 300 ಮಿಲಿಸೆಕೆಂಡ್ ತಡೆದು ಹುಡುಕಿ, ಪ್ರತಿ ಹುಡುಕಾಟಕ್ಕೂ ಏರುವ ಸಂಖ್ಯೆ ಕೊಡಿ, ಅವೇಟ್ ಮುಗಿದ ಮೇಲೆ ಆ ಸಂಖ್ಯೆ ಈಗಲೂ ಕೊನೆಯದೇ ಎಂದು ನೋಡಿ, ಅಲ್ಲದಿದ್ದರೆ ಉತ್ತರ ಬಿಸಾಡಿ. ರದ್ದತಿ ಒಂದನ್ನೇ ನಂಬಬೇಡಿ: ರದ್ದು ಮಾಡುವ ಹೊತ್ತಿಗೆ ಉತ್ತರ ಬಂದು ಕ್ಯೂನಲ್ಲಿ ಕೂತಿರಬಹುದು.

ಮುಚ್ಚುವಾಗ ಒಂದು ಸೂಕ್ಷ್ಮ. ಕ್ಲೋಸಿಂಗ್ ಹ್ಯಾಂಡ್ಲರ್‌ನಲ್ಲಿ ‘ಇ.ಕ್ಯಾನ್ಸಲ್’ ಅನ್ನು ಮೊದಲ ಅವೇಟ್‌ಗೆ ಮುಂಚೆ ‘ಟ್ರೂ’ ಮಾಡಬೇಕು. ಅವೇಟ್ ಆದ ಮೇಲೆ ಬದಲಿಸಿದರೆ ಯಾರೂ ನೋಡುವುದಿಲ್ಲ, ಹ್ಯಾಂಡ್ಲರ್ ಹಿಂದಿರುಗಿದಾಗಲೇ ತೀರ್ಮಾನವಾಗಿರುತ್ತದೆ. ತಡೆದು, ಕೆಲಸ ರದ್ದು ಮಾಡಿ, ಅದು ಮುಗಿದದ್ದನ್ನು ಅವೇಟ್ ಮಾಡಿ, ಒಂದು ಗುರುತು ಇಟ್ಟು ಮತ್ತೆ ಕ್ಲೋಸ್ ಕರೆಯಿರಿ. ಗುರುತು ಇದ್ದಾಗ ಹ್ಯಾಂಡ್ಲರ್ ತಡೆಯದಿರಲಿ. ವಿಂಡೋ ಹೋದರೂ ಪ್ರೊಸೆಸ್ ಉಳಿದಿದ್ದರೆ ಕೈಯಾರೆ ಸೃಷ್ಟಿಸಿದ ಥ್ರೆಡ್ ಇದೆಯೇ ನೋಡಿ. ಡಾಟ್‌ನೆಟ್‌ನಲ್ಲಿ ಹಾಗೆ ಮಾಡಿದ್ದು ಡೀಫಾಲ್ಟ್ ಆಗಿ ಫೋರ್‌ಗ್ರೌಂಡ್ ಥ್ರೆಡ್, ಅದು ಮುಗಿಯುವವರೆಗೆ ಪ್ರೊಸೆಸ್ ಸಾಯುವುದಿಲ್ಲ. ಪೂಲ್ ಥ್ರೆಡ್‌ಗಳಿಗೆ ಈ ಹಟವಿಲ್ಲ.

ಟಾಸ್ಕ್ ಹಿಂದಿರುಗಿಸದ ‘ಅಸಿಂಕ್ ವಾಯ್ಡ್’ ರೂಪ ಇವೆಂಟ್ ಹ್ಯಾಂಡ್ಲರ್‌ಗಳಿಗೆ ಮಾತ್ರ. ಅದರಿಂದ ಹೊರಬಿದ್ದ ಎಕ್ಸೆಪ್ಶನ್ನನ್ನು ಕರೆದವರ ‘ಟ್ರೈ’ ಹಿಡಿಯಲಾರದು, ನೇರ ಲೂಪ್‌ಗೆ ಬಂದು ಆ್ಯಪ್ ಕೆಡವುತ್ತದೆ. ಹ್ಯಾಂಡ್ಲರ್‌ನ ಇಡೀ ಒಡಲನ್ನು ‘ಟ್ರೈ’ಯಲ್ಲಿ ಇಡಿ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು, ಟಾಸ್ಕ್ ಹಿಂದಿರುಗಿಸುವ ಮೆಥಡ್ಡನ್ನು ಅವೇಟ್ ಇಲ್ಲದೆ ಕರೆದುಬಿಡುವುದು: ಎಕ್ಸೆಪ್ಶನ್ ಸದ್ದಿಲ್ಲದೆ ಮಣ್ಣಾಗುತ್ತದೆ, ಪಟ್ಟಿ ಮಾತ್ರ ಖಾಲಿ.

## ಹಂತ 8: ನಿಧಾನ ಮಾಡಿ ಪರೀಕ್ಷಿಸಿ

ವೇಗದ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇವುಗಳಲ್ಲಿ ಅರ್ಧ ತಪ್ಪು ಕಾಣುವುದೇ ಇಲ್ಲ. ಪ್ರತಿ ಅಸಿಂಕ್ ಕರೆಯಲ್ಲೂ ಡಿಬಗ್ ಬಿಲ್ಡ್‌ಗೆ ಮಾತ್ರ 3 ಸೆಕೆಂಡಿನ ಟಾಸ್ಕ್.ಡಿಲೇ ಸೇರಿಸಿ, ಆ ಬಿಡುವಿನಲ್ಲಿ ವಿಂಡೋ ಎಳೆದಾಡಿ, ಎರಡೆರಡು ಸಲ ಒತ್ತಿ, ಮುಚ್ಚಿ. ಹುಡುಕಾಟಕ್ಕೆ ಬೇರೆ ಬೇರೆ ಅವಧಿಯ ತಡೆ ಕೊಟ್ಟು ಉತ್ತರಗಳನ್ನು ಅದಲುಬದಲು ಮಾಡಿಸಿ. ಲಾಗ್‌ನ ಪ್ರತಿ ಸಾಲಿಗೂ ಥ್ರೆಡ್ ಸಂಖ್ಯೆ ಇರಲಿ. ಹಿನ್ನೆಲೆಯಲ್ಲಿರಬೇಕಾದ ಸಾಲಿನ ಪಕ್ಕ ಯುಐ ಥ್ರೆಡ್‌ನ ಸಂಖ್ಯೆ ಕಂಡರೆ ಅಲ್ಲೇ ನಿಲ್ಲಿ. ಮ್ಯಾಕ್‌ನ ಎಕ್ಸ್‌ಕೋಡ್‌ನಲ್ಲಿ 2017ರ 9ನೇ ಆವೃತ್ತಿಯಿಂದ, ತಪ್ಪು ಥ್ರೆಡ್‌ನಿಂದ ವಿಂಡೋ ಮುಟ್ಟಿದರೆ ಹೇಳುವ ಮೇನ್ ಥ್ರೆಡ್ ಚೆಕರ್ ಇದೆ, ಆನ್ ಇಟ್ಟುಕೊಳ್ಳಿ.

ಇದರ ಜೊತೆಗೊಂದು ಕಾವಲುಗಾರ: ಹಿನ್ನೆಲೆ ಥ್ರೆಡ್ ಒಂದು ಸೆಕೆಂಡಿಗೊಮ್ಮೆ ಯುಐ ಕ್ಯೂಗೆ ಖಾಲಿ ಕೋರಿಕೆ ಹಾಕಿ, ಅದು ಓಡಲು ಹಿಡಿದ ಸಮಯ ಅಳೆಯಲಿ. 200 ಮಿಲಿಸೆಕೆಂಡ್ ಮೀರಿದರೆ ಲಾಗ್‌ಗೆ ಬರೆಯಲಿ. ಈ ಅಳತೆಯ ಕೋರಿಕೆಯನ್ನು ‘ಇನ್‌ಪುಟ್’ ಆದ್ಯತೆಯಲ್ಲೇ ಹಾಕಿ. ‘ನಾರ್ಮಲ್’ನಲ್ಲಿ ಹಾಕಿದರೆ ಕ್ಲಿಕ್‌ಗಳು ಹಸಿದು ನಿಂತಿರುವಾಗಲೂ ಎಲ್ಲ ಸರಿಯಿದೆ ಎಂದೇ ಅದು ಹೇಳಬಹುದು.